ಮಸಿ, ಅಂಟು ಮತ್ತು ನಿರ್ವಾತ: ನ್ಯಾನೊ ಅಂತರದ ಆಕರ್ಷಣ-ವಿಕರ್ಷಣಗಳು

1. ಪೀಠಿಕೆ

ಹೈದರಾಬಾದಿನ ಕೋಠಿ ಸಂಖ್ಯೆಯ ಕೋಟಿಯಲ್ಲ. ಕೋಠಿ ಎಂದರೆ ದೊಡ್ಡ ಮನೆ. ನಿಜಾಮರ ಆಸ್ಥಾನದಲ್ಲಿದ್ದ ಬ್ರಿಟಿಷ್ ರೆಸಿಡೆಂಟನಿಗಾಗಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಭವನದಿಂದ ಆ ಪ್ರದೇಶಕ್ಕೆ ಈ ಹೆಸರು ಬಂದಿತು. ಸ್ವಾತಂತ್ರ್ಯಾನಂತರ ಅದೇ ಭವನದ ಆವರಣದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜು ನೆಲೆಸಿತು. 2022ರಲ್ಲಿ ಅದು ಮಹಿಳಾ ವಿಶ್ವವಿದ್ಯಾಲಯವಾಯಿತು. ಸಮೀಪದಲ್ಲಿಯೇ ಉಸ್ಮಾನಿಯಾ ವೈದ್ಯಕೀಯ ಕಾಲೇಜು, ಹಳೆಯ ಪುಸ್ತಕಗಳ ಅಂಗಡಿಗಳ ಸಾಲು ಇವೆ. ವಿಜ್ಞಾನವನ್ನು ದೇಶಭಾಷೆಯಲ್ಲಿ ಹೇಳುವ ಪ್ರಶ್ನೆಯನ್ನು ಚರ್ಚಿಸುವುದಕ್ಕೆ ಈ ಸ್ಥಳಕ್ಕಿಂತ ಉಚಿತವಾದುದು ದೊರೆಯುವುದು ಕಷ್ಟ. 1917ರಲ್ಲಿ ಸ್ಥಾಪಿತವಾದ ಅನುವಾದ ಸಂಸ್ಥೆಯ ಮೂಲಕ ಭೌತವಿಜ್ಞಾನ, ರಸಾಯನವಿಜ್ಞಾನ, ವೈದ್ಯ ಮೊದಲಾದ ಶಾಸ್ತ್ರಗಳ ಗ್ರಂಥಗಳು ಉರ್ದುವಿಗೆ ಬಂದವು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಸುಮಾರು ಮೂರು ದಶಕಗಳ ಕಾಲ ಆ ಭಾಷೆಯಲ್ಲಿಯೇ ಉನ್ನತ ಶಿಕ್ಷಣವನ್ನು ನೀಡಿತು. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡ ವಿದ್ಯಾರ್ಥಿಗಳು ಸಹ ಅಲ್ಲಿ ವಿಜ್ಞಾನವನ್ನು ಓದಿದ್ದು ಉರ್ದುವಿನಲ್ಲಿಯೇ.

ಅದೇ 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಆರಂಭಿಸಿದರು. ವೆಂಕಟನಾರಣಪ್ಪನವರು ಭೌತವಿಜ್ಞಾನದ ಅಧ್ಯಾಪಕರು. ಪಂಪಭಾರತದ ಪರಿಷ್ಕರಣದಲ್ಲಿಯೂ ದುಡಿದವರು. ಪ್ರಾಚೀನ ಕಾವ್ಯದ ಪಾಠವನ್ನು ನಿರ್ಣಯಿಸುವ ಎಚ್ಚರ ಮತ್ತು ಹೊಸ ಶಾಸ್ತ್ರದ ಪರಿಭಾಷೆಯನ್ನು ನಿರ್ಣಯಿಸುವ ಎಚ್ಚರ ಬೇರೆ ಬೇರೆಯಲ್ಲ ಎಂಬುದಕ್ಕೆ ಅವರ ಬಾಳೇ ನಿದರ್ಶನ.

ಪ್ರಸ್ತುತ ಲೇಖನದ ವಸ್ತು ಅತ್ಯಂತ ಸಮೀಪದಲ್ಲಿರುವ ಎರಡು ವಸ್ತುಗಳ ನಡುವೆ ತೋರುವ ಕ್ವಾಂಟಂ ಬಲಗಳು. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ನ್ಯಾನೊಮೀಟರ್. ಕೆಲವು ನ್ಯಾನೊಮೀಟರುಗಳಿಂದ ಹಿಡಿದು ಸಾವಿರ ನ್ಯಾನೊಮೀಟರಿನವರೆಗಿನ ಅಂತರದಲ್ಲಿ ಈ ಬಲಗಳ ಆಟ ನಡೆಯುತ್ತದೆ. ಇದು ಭೌತವಿಜ್ಞಾನಿಗಳಿಗೆ ಸೇರಿದ ವಿಷಯವಲ್ಲವೇ, ಕನ್ನಡ ವಿಭಾಗದ ಸಂಚಿಕೆಯಲ್ಲಿ ಇದಕ್ಕೇನು ಕೆಲಸ ಎಂಬ ಪ್ರಶ್ನೆ ಸಹಜ. ಉತ್ತರ ಎರಡು ಬಗೆಯದು. ಮೊದಲನೆಯದಾಗಿ, ಕನ್ನಡದ ಹಸ್ತಪ್ರತಿಗಳನ್ನು ಬರೆದ ಮಸಿಯಲ್ಲಿಯೇ ಈ ಬಲಗಳು ಕೆಲಸ ಮಾಡಿವೆ. ಎರಡನೆಯದಾಗಿ, ಈ ಬಲಗಳನ್ನು ಹೇಳಲು ಕನ್ನಡದಲ್ಲಿ ಬಳಕೆಯಲ್ಲಿರುವ ಪದಗಳಲ್ಲಿ ಒಂದು ವಿಷಯವನ್ನು ಬೆಳಗುತ್ತದೆ, ಮತ್ತೊಂದು ದಾರಿ ತಪ್ಪಿಸುತ್ತದೆ. ಯಾವುದು ಯಾವುದೆಂದು ವಿವೇಚಿಸುವುದು ಭಾಷಾವಿದ್ಯಾರ್ಥಿಯ ಹೊಣೆ.

2. ಮಸಿ ಮತ್ತು ಅಂಟು

ಕನ್ನಡ ನಾಡಿನ ಲೇಖನ ಸಾಮಗ್ರಿಗಳಲ್ಲಿ ಇಂಗಾಲಕ್ಕೆ ದೊಡ್ಡ ಪಾತ್ರವಿದೆ. ತಾಳೆಗರಿಯ ಮೇಲೆ ಕಂಠದಿಂದ ಕೊರೆದ ಅಕ್ಷರಗಳು ಕಣ್ಣಿಗೆ ಕಾಣುವಂತಾಗಲು ಕಾಡಿಗೆಯನ್ನು ಸವರಿ ಒರೆಸುತ್ತಿದ್ದರು. ಕೊರೆದ ಗೆರೆಯಲ್ಲಿ ಕಾಡಿಗೆ ನಿಲ್ಲುತ್ತಿತ್ತು, ನುಣುಪಾದ ಮೇಲ್ಮೈಯಿಂದ ಅಳಿಸಿಹೋಗುತ್ತಿತ್ತು. ಕಡತಗಳನ್ನು ಮಾಡುವಾಗ ಬಟ್ಟೆಗೆ ಹುಣಸೆಬೀಜದ ಸರಿಯಲ್ಲಿ ಇದ್ದಿಲ ಪುಡಿಯನ್ನು ಕಲಸಿ ಬಳಿದು, ಒಣಗಿಸಿ, ಮಡಿಚಿ, ಬಳಪದಿಂದ ಬರೆಯುತ್ತಿದ್ದರು. ಕಾಗದದ ಮೇಲೆ ಬರೆಯುವ ಮಸಿಗೆ ದೀಪದ ಕಾಡಿಗೆಯನ್ನು ನೀರಿನಲ್ಲಿ ಅರೆದು ಜಾಲಿಯಂಥ ಮರದ ಅಂಟನ್ನು ಸೇರಿಸುತ್ತಿದ್ದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಾಡಿಗೆಯನ್ನು ಬರಿಯ ನೀರಿನಲ್ಲಿ ಎಷ್ಟು ಅರೆದರೂ ಅದು ಒಳ್ಳೆಯ ಮಸಿಯಾಗುವುದಿಲ್ಲ. ಅದರ ಸೂಕ್ಷ್ಮ ಕಣಗಳು ಒಂದಕ್ಕೊಂದು ಹತ್ತಿಕೊಂಡು ಗಂಟುಗಟ್ಟುತ್ತವೆ; ಸ್ವಲ್ಪ ಹೊತ್ತಿನಲ್ಲಿ ಕಪ್ಪು ತಳಕ್ಕಿಳಿದು ಮೇಲೆ ನೀರು ತಿಳಿಯಾಗುತ್ತದೆ. ಅಂಟನ್ನು ಸೇರಿಸಿದಾಗ ಮಾತ್ರ ಮಸಿ ಬಹುಕಾಲ ಸಮವಾಗಿ ನಿಲ್ಲುತ್ತದೆ. ಅಂದರೆ ಅಂಟು ಎಂಬ ಹೆಸರಿನ ಪದಾರ್ಥವು ಮಸಿಕುಡಿಕೆಯಲ್ಲಿ ಮಾಡುವ ಕೆಲಸ ಕಣಗಳನ್ನು ಅಂಟಿಸುವುದಲ್ಲ, ಅಂಟದಂತೆ ಕಾಯುವುದು! ಅಂಟಿನ ಅಣುಗಳು ಉದ್ದನೆಯ ಸರಪಣಿಗಳು. ಅವು ಇಂಗಾಲದ ಕಣದ ಮೇಲೆ ಅಲ್ಲಲ್ಲಿ ಕಚ್ಚಿಕೊಂಡು, ಉಳಿದ ಭಾಗವನ್ನು ನೀರಿನೊಳಗೆ ಚಾಚಿರುತ್ತವೆ. ಇಂತಹ ಎರಡು ಕಣಗಳು ಸಮೀಪಿಸಿದಾಗ ಸರಪಣಿಗಳ ಪೊದೆ ಪೊದೆಯನ್ನು ತಡೆಯುತ್ತದೆ. ಬರೆದ ಅಕ್ಷರ ಒಣಗಿ ನೀರು ಆರಿದ ಮೇಲೆ ಅದೇ ಅಂಟು ತನ್ನ ಹೆಸರಿಗೆ ತಕ್ಕ ಕೆಲಸವನ್ನು ಕೈಗೊಂಡು ಕಣಗಳನ್ನು ಕಾಗದಕ್ಕೆ ಬಂಧಿಸುತ್ತದೆ. ಬರೆಯುವವರೆಗೆ ಕಣಗಳನ್ನು ದೂರವಿರಿಸಬೇಕು. ಬರೆದ ಮೇಲೆ ಅವು ಕದಲದಂತೆ ಹಿಡಿಯಬೇಕು. ಈ ಎರಡೂ ಅಗತ್ಯಗಳನ್ನು ಒಂದೇ ಪದಾರ್ಥದಿಂದ ಪೂರೈಸಿದ ಲಿಪಿಕಾರರು ಕಾರಣವನ್ನು ಅರಿಯದಿದ್ದರೂ ಕಾರ್ಯವನ್ನು ಚೆನ್ನಾಗಿ ಅರಿತಿದ್ದರು.

ಈಗ ಮೂಲ ಪ್ರಶ್ನೆಗೆ ಬರಬೇಕು. ಇಂಗಾಲದ ಕಣಗಳು ಬರಿಯ ನೀರಿನಲ್ಲಿ ಒಂದನ್ನೊಂದು ಸೆಳೆಯುವುದೇಕೆ?

3. ಸೆಳೆತದ ಮೂಲ

ಎರಡು ವಸ್ತುಗಳು ಒಂದನ್ನೊಂದು ಸೆಳೆಯಲು ಶಾಲೆಯ ಪಾಠದಲ್ಲಿ ಕಲಿತ ಕಾರಣಗಳು ಗುರುತ್ವ, ವಿದ್ಯುದಾವೇಶ ಮತ್ತು ಕಾಂತತ್ವ. ಕಾಡಿಗೆಯ ಕಣಗಳ ನಡುವಿನ ಗುರುತ್ವ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಕಣಗಳು ಆಯಸ್ಕಾಂತಗಳಲ್ಲ. ಅವುಗಳಿಗೆ ಆವೇಶವಿದ್ದರೂ ಎಲ್ಲ ಕಣಗಳಿಗೂ ಒಂದೇ ಬಗೆಯ ಆವೇಶವಿರುವುದರಿಂದ ಅದು ಅವನ್ನು ದೂರ ಮಾಡಬೇಕೇ ಹೊರತು ಹತ್ತಿರ ತರಲಾರದು. ಹೀಗಿರುವಾಗ ಆವೇಶರಹಿತ ವಸ್ತುಗಳ ನಡುವೆಯೂ ಒಂದು ಸೆಳೆತವಿದೆ ಎಂದು ಒಪ್ಪಬೇಕಾಗುತ್ತದೆ. ಹಾಲೆಂಡಿನ ವಾನ್ ಡರ್ ವಾಲ್ಸ್ 1873ರ ತನ್ನ ಪ್ರಬಂಧದಲ್ಲಿ ಅನಿಲಗಳ ವರ್ತನೆಯನ್ನು ವಿವರಿಸಲು ಇಂಥ ಸೆಳೆತವನ್ನು ಊಹಿಸಿದ. ಅದಕ್ಕೆ ಕಾರಣ ಹೇಳಿದವನು ಫ್ರಿಟ್ಜ್ ಲಂಡನ್, ಕಾಲ 1930, ಸಾಧನ ಆಗ ಹೊಸದಾಗಿದ್ದ ಕ್ವಾಂಟಂ ಸಿದ್ಧಾಂತ.

ಪರಮಾಣುವಿನಲ್ಲಿ ಧನ ಆವೇಶದ ಬೀಜವೂ ಅದರ ಸುತ್ತ ಋಣ ಆವೇಶದ ಎಲೆಕ್ಟ್ರಾನುಗಳೂ ಇವೆ. ಸರಾಸರಿಯಲ್ಲಿ ಎರಡೂ ಸರಿತೂಗುತ್ತವೆ. ಆದರೆ ಕ್ವಾಂಟಂ ನಿಯಮದಂತೆ ಎಲೆಕ್ಟ್ರಾನುಗಳು ಸಂಪೂರ್ಣವಾಗಿ ನಿಶ್ಚಲವಾಗಿರಲಾರವು. ಯಾವುದೇ ಒಂದು ಕ್ಷಣದಲ್ಲಿ ಋಣ ಆವೇಶ ಒಂದು ಪಕ್ಕಕ್ಕೆ ತುಸು ವಾಲಿರುತ್ತದೆ. ಆ ವಾಲುವಿಕೆ ನೆರೆಯ ಪರಮಾಣುವಿನ ಎಲೆಕ್ಟ್ರಾನುಗಳನ್ನೂ ಅನುಗುಣವಾಗಿ ವಾಲಿಸುತ್ತದೆ. ಮರುಕ್ಷಣ ಎರಡೂ ಬದಲಾಗುತ್ತವೆ. ಆದರೆ ಒಂದರ ಬದಲಾವಣೆಗೆ ಇನ್ನೊಂದು ಹೊಂದಿಕೊಳ್ಳುತ್ತಲೇ ಇರುತ್ತದೆ. ಈ ಹೊಂದಾಣಿಕೆಯ ಒಟ್ಟು ಫಲ ಸೆಳೆತ. ಪರಿಪೂರ್ಣ ನಿಶ್ಚಲತೆ ಪ್ರಕೃತಿಯಲ್ಲಿ ಅಸಾಧ್ಯ ಎಂಬ ನಿಯಮವೇ ಇಲ್ಲಿ ಬಲವಾಗಿ ಪರಿಣಮಿಸಿದೆ. ಆದುದರಿಂದ ಈ ಬಲವನ್ನು ಕ್ವಾಂಟಂ ಬಲವೆನ್ನುವುದು ಯುಕ್ತ.

ಮನೆಯ ಗೋಡೆಯ ಮೇಲಿನ ಹಲ್ಲಿ ಇದೇ ಬಲದ ಆಶ್ರಯದಲ್ಲಿ ಬದುಕುತ್ತದೆ. ಅದರ ಕಾಲ್ಬೆರಳಿನ ಅಡಿಯಲ್ಲಿರುವ ಅಸಂಖ್ಯ ಸೂಕ್ಷ್ಮ ರೋಮಗಳ ತುದಿಗಳು ಮತ್ತೆ ಕವಲೊಡೆದು, ನೂರಾರು ನ್ಯಾನೊಮೀಟರ್ ಅಗಲದ ಚಪ್ಪಟೆ ತುದಿಗಳಾಗಿವೆ. ಗೋಡೆ ಎಷ್ಟೇ ಒರಟಾಗಿದ್ದರೂ ಇಷ್ಟು ಕಿರಿದಾದ ತುದಿಗಳು ಅದಕ್ಕೆ ಅತಿ ಸಮೀಪದವರೆಗೆ ಹೋಗಬಲ್ಲವು. ಕೆಲ್ಲರ್ ಆಟಮ್ ಮತ್ತು ಸಂಗಡಿಗರು 2000ದಲ್ಲಿ ಒಂದೇ ರೋಮದ ಹಿಡಿತವನ್ನು ಅಳೆದರು. 2002ರಲ್ಲಿ ಆ ಹಿಡಿತ ಮುಖ್ಯವಾಗಿ ವಾನ್ ಡರ್ ವಾಲ್ಸ್ ಬಲದ್ದು ಎಂಬುದಕ್ಕೆ ಆಧಾರಗಳನ್ನು ಒದಗಿಸಿದರು. ಹಲ್ಲಿಯ ಪಾದದಲ್ಲಿ ಅಂಟಿಲ್ಲ. ಮಸಿಯಲ್ಲಿ ಅಂಟಿದ್ದೂ ಕಣಗಳು ಅಂಟುವುದಿಲ್ಲ. ಪದವನ್ನು ನಂಬಿ ವಸ್ತುವನ್ನು ಮರೆತರೆ ಎರಡೆಡೆಯೂ ತಪ್ಪು ತೀರ್ಮಾನವೇ ಸಿದ್ಧ.

4. ಕ್ಯಾಸಿಮಿರ್ ಪರಿಣಾಮ

ಕಣಗಳು ದ್ರವದಲ್ಲಿ ತೇಲಿಕೊಂಡು ನಿಲ್ಲುವ ಮಸಿಯಂತಹ ಮಿಶ್ರಣಗಳನ್ನು ಕಲಿಲಗಳೆಂದು ಕರೆಯುತ್ತಾರೆ. ಕಲಿಲಗಳು ಯಾವಾಗ ನಿಲ್ಲುತ್ತವೆ, ಯಾವಾಗ ಒಡೆಯುತ್ತವೆ ಎಂಬುದನ್ನು ರಷ್ಯದಲ್ಲಿ ಡೆರ್ಯಾಗಿನ್ ಮತ್ತು ಲಂಡೌ, ಹಾಲೆಂಡಿನಲ್ಲಿ ಫರ್ವೇ ಮತ್ತು ಓವರ್‌ಬೀಕ್ 1940ರ ದಶಕದಲ್ಲಿ ವಿವರಿಸಿದರು. ಸೆಳೆತಕ್ಕೆ ವಾನ್ ಡರ್ ವಾಲ್ಸ್ ಬಲವೂ ತಡೆಗೆ ಆವೇಶಗಳ ವಿಕರ್ಷಣವೂ ಕಾರಣವೆಂದು ಅವರ ಸಿದ್ಧಾಂತ. ಆದರೆ ಫಿಲಿಪ್ಸ್ ಸಂಶೋಧನಾಲಯದಲ್ಲಿ ನಡೆದ ಪ್ರಯೋಗಗಳನ್ನು ಕಂಡು ಓವರ್‌ಬೀಕ್‌ಗೆ ಒಂದು ಸಂದೇಹ ಮೂಡಿತು. ದೂರ ಹೆಚ್ಚಿದಂತೆ ಸೆಳೆತವು ಲಂಡನ್ನನ ಸೂತ್ರ ಹೇಳುವುದಕ್ಕಿಂತ ಬೇಗ ಕುಗ್ಗುತ್ತಿರಬೇಕು. ಒಂದು ಪರಮಾಣುವಿನ ವಾಲುವಿಕೆಯ ಸುದ್ದಿ ಇನ್ನೊಂದಕ್ಕೆ ತಲಪುವುದು ಬೆಳಕಿನ ವೇಗದಲ್ಲಿ. ದೂರ ಹೆಚ್ಚಾದರೆ ಉತ್ತರ ಹಿಂದಿರುಗುವ ಹೊತ್ತಿಗೆ ಪ್ರಶ್ನೆಯೇ ಬದಲಾಗಿರುತ್ತದೆ; ಹೊಂದಾಣಿಕೆ ಸಡಿಲಗೊಳ್ಳುತ್ತದೆ. ಈ ಸಂದೇಹವನ್ನು ಅದೇ ಸಂಶೋಧನಾಲಯದ ಹೆಂಡ್ರಿಕ್ ಕ್ಯಾಸಿಮಿರ್ ಮತ್ತು ಡಿರ್ಕ್ ಪೋಲ್ಡರ್ ಲೆಕ್ಕಕ್ಕೆ ಒಳಪಡಿಸಿ, 1948ರಲ್ಲಿ ಅದು ನಿಜವೆಂದು ತೋರಿಸಿದರು.

ಲೆಕ್ಕ ಬಹಳ ಜಟಿಲವಾಗಿತ್ತು. ದೊರೆತ ಉತ್ತರ ಮಾತ್ರ ಆಶ್ಚರ್ಯಕರವಾಗಿ ಸರಳವಾಗಿತ್ತು. ಈ ಸರಳತೆಗೆ ಕಾರಣವೇನೆಂದು ಚಿಂತಿಸುತ್ತಿದ್ದ ಕ್ಯಾಸಿಮಿರನಿಗೆ, ಇದಕ್ಕೂ ಶೂನ್ಯಬಿಂದು ಶಕ್ತಿಗೂ ಸಂಬಂಧವಿರಬಹುದೆಂದು ನೀಲ್ಸ್ ಬೋರ್ ಸೂಚಿಸಿದ. ಆ ದಾರಿಯಲ್ಲಿ ಮುಂದುವರಿದ ಕ್ಯಾಸಿಮಿರ್ ಅದೇ ವರ್ಷ ಮತ್ತೊಂದು ಕಿರುಲೇಖನವನ್ನು ಪ್ರಕಟಿಸಿದ. ಅದರಂತೆ, ನಿರ್ವಾತದಲ್ಲಿ ಎದುರುಬದಿರಾಗಿ ನಿಲ್ಲಿಸಿದ, ಆವೇಶವಿಲ್ಲದ ಎರಡು ಲೋಹಫಲಕಗಳು ಒಂದನ್ನೊಂದು ಸೆಳೆಯಬೇಕು.

ವೀಣೆಯ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಎರಡು ತುದಿ ಬಿಗಿದ ತಂತಿಯಲ್ಲಿ ಎಲ್ಲ ಕಂಪನಗಳಿಗೂ ಎಡೆಯಿಲ್ಲ. ಆ ಉದ್ದಕ್ಕೆ ಹೊಂದುವ ಕಂಪನಗಳು ಮಾತ್ರ ನಿಲ್ಲುತ್ತವೆ. ಅದೇ ರೀತಿ ನಿರ್ವಾತದಲ್ಲಿಯೂ ವಿದ್ಯುತ್ಕಾಂತ ಕ್ಷೇತ್ರ ಸಂಪೂರ್ಣ ಸ್ತಬ್ಧವಲ್ಲ. ಅದರಲ್ಲಿ ಅಳಿಸಲಾಗದ ಕಂಪನವಿದೆ. ಫಲಕಗಳ ನಡುವಣ ಕಿರಿದಾದ ಎಡೆಯಲ್ಲಿ ಅದಕ್ಕೆ ಹೊಂದುವ ಕಂಪನಗಳಿಗೆ ಮಾತ್ರ ಅವಕಾಶ. ಹೊರಗೆ ಅಂಥ ಕಟ್ಟುಪಾಡಿಲ್ಲ. ಒಳಗಿನ ಮತ್ತು ಹೊರಗಿನ ಈ ವ್ಯತ್ಯಾಸದಿಂದ ಫಲಕಗಳು ಹತ್ತಿರಕ್ಕೆ ಬರುತ್ತವೆ. ಈ ಬಲ ಅಂತರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿದೆ. ಅಂತರ ಅರ್ಧವಾದರೆ ಬಲ 16 ಪಟ್ಟಾಗುತ್ತದೆ. ಹತ್ತನೆಯ ಒಂದಾದರೆ 10,000 ಪಟ್ಟಾಗುತ್ತದೆ. ಆದರ್ಶ ಲೋಹಫಲಕಗಳಿಗೆ ಅನ್ವಯಿಸುವ ಸೂತ್ರದಂತೆ, 1,000 ನ್ಯಾನೊಮೀಟರ್ ಅಂತರದಲ್ಲಿ ಒತ್ತಡ ಕೇವಲ 1.3 ಮಿಲಿಪಾಸ್ಕಲ್, ಅಂದರೆ ಗಮನಕ್ಕೇ ಬಾರದಷ್ಟು. 10 ನ್ಯಾನೊಮೀಟರಿನಲ್ಲಿ ಅದು ಹೆಚ್ಚುಕಡಮೆ ಭೂಮಿಯ ವಾಯುಭಾರಕ್ಕೆ ಸಮ. ದೈನಂದಿನ ಜೀವನದಲ್ಲಿ ಈ ಬಲ ಕಾಣದಿರುವುದಕ್ಕೂ ನ್ಯಾನೊ ಅಂತರದಲ್ಲಿ ಅದೇ ಪ್ರಧಾನವಾಗುವುದಕ್ಕೂ ಈ ಕಡಿದಾದ ಏರಿಕೆಯೇ ಕಾರಣ.

ಇದನ್ನು ಅಳೆಯುವುದು ಸುಲಭವಾಗಿರಲಿಲ್ಲ. 1958ರಲ್ಲಿ ಸ್ಪಾರ್ನಾಯ್ ನಡೆಸಿದ ಪ್ರಯೋಗ ಸಿದ್ಧಾಂತಕ್ಕೆ ವಿರೋಧವಾಗಿರಲಿಲ್ಲವಾದರೂ ಅದರ ಅನಿಶ್ಚಿತತೆ ಅಳೆದ ಬಲದಷ್ಟೇ ದೊಡ್ಡದಾಗಿತ್ತು. 1997ರಲ್ಲಿ ಸ್ಟೀವ್ ಲ್ಯಾಮೊರೊ ತಿರುಚುತಕ್ಕಡಿಯಿಂದ ಖಚಿತವಾದ ಅಳತೆಯನ್ನು ಮಾಡಿದ. ಮರುವರ್ಷ ಅಮೆರಿಕದ ರಿವರ್‌ಸೈಡಿನಲ್ಲಿ ಉಮರ್ ಮೊಹಿದೀನ್ ಮತ್ತು ಅನುಶ್ರೀ ರಾಯ್ ಅವರು ಲೋಹ ಲೇಪಿಸಿದ, ಸುಮಾರು 0.2 ಮಿಲಿಮೀಟರ್ ವ್ಯಾಸದ ಗೋಲವನ್ನು ಪರಮಾಣು ಬಲ ಸೂಕ್ಷ್ಮದರ್ಶಕದ ತೆಳುಪಟ್ಟಿಗೆ ಕೂಡಿಸಿ, ಫಲಕದಿಂದ 100ರಿಂದ 900 ನ್ಯಾನೊಮೀಟರ್ ಅಂತರದಲ್ಲಿ ಬಲವನ್ನು ಅಳೆದರು. ಮಸಿಯಂತಹ ಕಲಿಲಗಳ ಅಧ್ಯಯನದಿಂದ ಹೊರಟ ಪ್ರಶ್ನೆ ಹೀಗೆ ಅರ್ಧ ಶತಮಾನದ ತರುವಾಯ ನಿರ್ವಾತದ ಅಳತೆಯಲ್ಲಿ ನೆಲೆ ಕಂಡಿತು.

5. ಮೂರನೆಯ ವಸ್ತು

ಇದುವರೆಗೆ ಹೇಳಿದ್ದೆಲ್ಲ ಆಕರ್ಷಣದ ಕಥೆ. ವಿಕರ್ಷಣ ಸಾಧ್ಯವೇ ಎಂಬುದು ಮುಂದಿನ ಪ್ರಶ್ನೆ. ಮಸಿಯಲ್ಲಿ ಅಂಟಿನ ಸರಪಣಿಗಳು ಒಡ್ಡುವ ತಡೆ ಒಂದು ಬಗೆಯ ವಿಕರ್ಷಣವೇ. ಆದರೆ ಅದು ಸರಪಣಿಗಳ ನೂಕುನುಗ್ಗಲಿನಿಂದ ಬಂದದ್ದು. ಕಲಿಲದ ಕಣಗಳ ಸಜಾತೀಯ ಆವೇಶಗಳ ತಡೆ ಇನ್ನೊಂದು ಬಗೆ. ಇವೆರಡೂ ಹೊರಗಿನಿಂದ ಬಂದು ಕ್ವಾಂಟಂ ಸೆಳೆತವನ್ನು ಎದುರಿಸುವಂಥವು. ಕ್ವಾಂಟಂ ಬಲವೇ ಸ್ವತಃ ವಿಕರ್ಷಣವಾಗುವುದು ಮೂರನೆಯ ಬಗೆ. ಈ ಮೂರನ್ನೂ ಒಂದೇ ಎಂದು ಬಗೆಯುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷ.

ಕ್ಯಾಸಿಮಿರನ ಫಲಕಗಳು ಆದರ್ಶ ಲೋಹದವು. ನಡುವೆ ಇದ್ದುದು ನಿರ್ವಾತ. ನಿಜವಾದ ವಸ್ತುಗಳು ಹಾಗಿಲ್ಲ. ಚಿನ್ನ, ಗಾಜು, ನೀರು, ಎಣ್ಣೆ ಒಂದೊಂದೂ ವಿದ್ಯುತ್ ಕಂಪನಗಳಿಗೆ ತನ್ನದೇ ರೀತಿಯಲ್ಲಿ ಪ್ರತಿಸ್ಪಂದಿಸುತ್ತದೆ. ಲಿಫ್‌ಶಿಟ್ಸ್ 1950ರ ದಶಕದಲ್ಲಿ ಈ ಪ್ರತಿಸ್ಪಂದನೆಯನ್ನು ಆಧಾರವಾಗಿಟ್ಟುಕೊಂಡು ನಿಜವಸ್ತುಗಳ ನಡುವಿನ ಬಲವನ್ನು ಲೆಕ್ಕಹಾಕುವ ಸಿದ್ಧಾಂತವನ್ನು ರೂಪಿಸಿದ. 1961ರಲ್ಲಿ ಝಲೋಶಿನ್‌ಸ್ಕಿ, ಲಿಫ್‌ಶಿಟ್ಸ್, ಪಿಟಯೆವ್‌ಸ್ಕಿ ಅದನ್ನು ವಿಸ್ತರಿಸಿ, ವಸ್ತುಗಳ ನಡುವೆ ದ್ರವವಿದ್ದಾಗ ಏನಾಗುವುದೆಂದು ವಿಚಾರಿಸಿದರು. ಅವರ ಫಲಿತಾಂಶವನ್ನು ಸೂತ್ರವಿಲ್ಲದೆ ಹೀಗೆ ಸಂಗ್ರಹಿಸಬಹುದು:

ಒಂದು: ಎರಡೂ ವಸ್ತುಗಳು ಒಂದೇ ಬಗೆಯವಾಗಿದ್ದರೆ ನಡುವೆ ಯಾವ ದ್ರವವಿದ್ದರೂ ಆಕರ್ಷಣವೇ.

ಎರಡು: ನಡುವಣ ದ್ರವದ ಪ್ರತಿಸ್ಪಂದನೆಯು ಒಂದು ವಸ್ತುವಿನದಕ್ಕಿಂತ ಕಡಿಮೆಯಾಗಿ ಇನ್ನೊಂದರದಕ್ಕಿಂತ ಹೆಚ್ಚಾಗಿದ್ದರೆ, ಅಂದರೆ ಎರಡರ ನಡುವೆ ಇದ್ದರೆ, ವಿಕರ್ಷಣ.

ಮೊದಲನೆಯ ನಿಯಮ ಶಾಲೆಯ ಪಾಠವನ್ನು ತಲೆಕೆಳಗು ಮಾಡುತ್ತದೆ. ಸಜಾತೀಯ ಆವೇಶಗಳು ವಿಕರ್ಷಿಸುತ್ತವೆ ಎಂದು ಕಲಿತ ವಿದ್ಯಾರ್ಥಿ ಸಜಾತೀಯ ವಸ್ತುಗಳು ಆಕರ್ಷಿಸುತ್ತವೆ ಎಂಬುದನ್ನು ಇಲ್ಲಿ ಕಲಿಯಬೇಕು. ನೀರಿನಲ್ಲಿ ಕಾಡಿಗೆಯ ಕಣ ಕಾಡಿಗೆಯ ಕಣವನ್ನು ಸೆಳೆಯುವುದರ ರಹಸ್ಯವೂ ಇದೇ. ನೀರನ್ನು ಬದಲಿಸಿ ಬೇರೆ ದ್ರವವನ್ನು ಹಾಕಿದರೂ ಆ ಸೆಳೆತದ ದಿಕ್ಕು ತಿರುಗುವುದಿಲ್ಲ. ಅಂಟಿನ ಸಹಾಯ ಬೇಕೇ ಬೇಕು.

ಎರಡನೆಯ ನಿಯಮವನ್ನು ಕೆರೆಯ ನೀರಿನಲ್ಲಿ ಬಿಟ್ಟ ಬೆಂಡಿನಿಂದ ವಿವರಿಸಬಹುದು. ಮುಳುಗಿಸಿ ಬಿಟ್ಟ ಬೆಂಡು ಮೇಲಕ್ಕೆ ಚಿಮ್ಮುತ್ತದೆ. ಇದನ್ನು ನೋಡಿ ಭೂಮಿಯು ಬೆಂಡನ್ನು ತಳ್ಳುತ್ತದೆ ಎಂದು ಯಾರೂ ಹೇಳುವುದಿಲ್ಲ. ಭೂಮಿ ಬೆಂಡನ್ನೂ ಸೆಳೆಯುತ್ತದೆ, ನೀರನ್ನೂ ಸೆಳೆಯುತ್ತದೆ. ಅಷ್ಟೇ ಜಾಗವನ್ನು ತುಂಬುವ ನೀರಿನ ಮೇಲೆ ಸೆಳೆತ ಹೆಚ್ಚು. ನೀರು ಕೆಳಗಿಳಿದು ಬೆಂಡಿನ ಜಾಗವನ್ನು ಆಕ್ರಮಿಸುತ್ತದೆ, ಬೆಂಡು ಮೇಲೇರುತ್ತದೆ. ಕ್ವಾಂಟಂ ವಿಕರ್ಷಣವೂ ಇದೇ ಜಾತಿಯದು. ಚಿನ್ನದ ಮೇಲ್ಮೈ ಎದುರಿನ ಗಾಜನ್ನೂ ಸೆಳೆಯುತ್ತದೆ, ನಡುವಣ ದ್ರವವನ್ನೂ ಸೆಳೆಯುತ್ತದೆ. ದ್ರವದ ಮೇಲಿನ ಸೆಳೆತ ಹೆಚ್ಚಾದಾಗ ದ್ರವ ನುಗ್ಗಿ ಬರುತ್ತದೆ. ಗಾಜು ಸರಿದು ದೂರವಾಗುತ್ತದೆ. ಹೊರನೋಟಕ್ಕೆ ವಿಕರ್ಷಣ, ಒಳಗೆ ಇರುವುದು ಎರಡು ಸೆಳೆತಗಳ ಸ್ಪರ್ಧೆ.

ಹೀಗಾಗಿ ಈ ಬಲದ ವಿಷಯದಲ್ಲಿ ಚಿನ್ನವು ಗಾಜನ್ನು ಆಕರ್ಷಿಸುತ್ತದೆಯೋ ವಿಕರ್ಷಿಸುತ್ತದೆಯೋ ಎಂಬ ಪ್ರಶ್ನೆಯೇ ಅಪೂರ್ಣ. ಯಾವುದರ ಮೂಲಕ ಎಂದು ಕೇಳದೆ ಉತ್ತರವಿಲ್ಲ. ನಿರ್ವಾತದಲ್ಲಿ ಅವೆರಡೂ ಆಕರ್ಷಿಸುತ್ತವೆ. ತಕ್ಕ ದ್ರವದಲ್ಲಿ ವಿಕರ್ಷಿಸುತ್ತವೆ. ಗುಣ ಎರಡು ವಸ್ತುಗಳದ್ದಲ್ಲ, ಮೂರರ ಸಂಬಂಧದ್ದು. ಈ ಲೇಖನ ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

6. ಪ್ರಯೋಗ ಮತ್ತು ಪ್ರಯೋಜನ

ಈ ನಿಯಮಕ್ಕೆ ಪ್ರಕೃತಿಯಲ್ಲಿ ಮೊದಲೇ ಒಂದು ಸಾಕ್ಷಿಯಿತ್ತು. ಪಾತ್ರೆಯಲ್ಲಿಟ್ಟ ದ್ರವ ಹೀಲಿಯಂ ತಾನೇ ಗೋಡೆಯನ್ನೇರಿ ತೆಳುಪದರವಾಗಿ ಹರಡಿಕೊಳ್ಳುತ್ತದೆ. ಇಲ್ಲಿ ಒಂದೆಡೆ ಗೋಡೆ, ಇನ್ನೊಂದೆಡೆ ಹೀಲಿಯಂ ಆವಿ, ನಡುವೆ ದ್ರವ ಹೀಲಿಯಂ. ದ್ರವದ ಪ್ರತಿಸ್ಪಂದನೆ ಗೋಡೆಯದಕ್ಕಿಂತ ಕಡಿಮೆ, ಆವಿಯದಕ್ಕಿಂತ ಹೆಚ್ಚು. ಆದುದರಿಂದ ಗೋಡೆಯೂ ಆವಿಯೂ ಪರಸ್ಪರ ವಿಕರ್ಷಿಸಿ ನಡುವಣ ಪದರ ದಪ್ಪವಾಗುತ್ತದೆ. 1973ರಲ್ಲಿ ಸಬಿಸ್ಕಿ ಮತ್ತು ಆಂಡರ್ಸನ್ ಈ ಪದರದ ದಪ್ಪವನ್ನು ಅಳೆದು ಸಿದ್ಧಾಂತಕ್ಕೆ ಸರಿಹೊಂದುವುದನ್ನು ಕಂಡರು.

ಘನವಸ್ತುಗಳ ನಡುವೆ ದ್ರವದೊಳಗಿನ ಹತ್ತಿರದ ವಿಕರ್ಷಣ 1990ರ ದಶಕದಲ್ಲಿ ಕಂಡುಬಂದಿತ್ತು. ಹೆಚ್ಚಿನ ಅಂತರದಲ್ಲಿ, ಅಂದರೆ ಕ್ಯಾಸಿಮಿರನ ವಲಯದಲ್ಲಿ, ಅದನ್ನು ಅಳೆದವರು ಜೆರೆಮಿ ಮಂಡೇ, ಫೆಡೆರಿಕೊ ಕಪಾಸೊ ಮತ್ತು ಆಡ್ರಿಯನ್ ಪಾರ್ಸೆಜಿಯನ್, ವರ್ಷ 2009. ಚಿನ್ನ ಲೇಪಿಸಿದ ಗೋಲವನ್ನು ಬ್ರೋಮೊಬೆಂಜೀನ್ ಎಂಬ ದ್ರವದಲ್ಲಿ ಮುಳುಗಿಸಿ ಸಿಲಿಕಾ ಫಲಕದ ಬಳಿಗೆ ತಂದಾಗ ವಿಕರ್ಷಣ ಕಂಡಿತು. ಅದೇ ದ್ರವದಲ್ಲಿ ಫಲಕವನ್ನೂ ಚಿನ್ನದ್ದಾಗಿಸಿದಾಗ ಆಕರ್ಷಣ ಕಂಡಿತು. ಮೇಲೆ ಹೇಳಿದ ಎರಡು ನಿಯಮಗಳಿಗೂ ಒಂದೇ ಪ್ರಯೋಗದಲ್ಲಿ ಸಮರ್ಥನೆ ದೊರೆಯಿತು.

ಹತ್ತು ವರ್ಷಗಳ ನಂತರ, 2019ರಲ್ಲಿ, ಅಮೆರಿಕದ ಬರ್ಕ್‌ಲಿಯ ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರು ಚಿನ್ನದ ಮೇಲ್ಮೈಗೆ ಟೆಫ್ಲಾನಿನ ತೆಳುಲೇಪ ಕೊಟ್ಟು, ಎಥೆನಾಲಿನಲ್ಲಿ ಮುಳುಗಿಸಿ, ಅದರ ಮೇಲೆ ಚಿನ್ನದ ಸೂಕ್ಷ್ಮ ಹಾಳೆಯೊಂದನ್ನು ಬಿಟ್ಟರು. ಹಾಳೆ ತೀರ ಹತ್ತಿರ ಬಂದಾಗ ಅದಕ್ಕೆ ಎದುರಾಗುವುದು ಟೆಫ್ಲಾನ್. ಎಥೆನಾಲಿನ ಪ್ರತಿಸ್ಪಂದನೆ ಚಿನ್ನ-ಟೆಫ್ಲಾನುಗಳ ನಡುವೆ ಇರುವುದರಿಂದ ಅಲ್ಲಿ ವಿಕರ್ಷಣ. ದೂರ ಸರಿದಾಗ ತೆಳುಲೇಪದ ಪ್ರಭಾವ ಕುಗ್ಗಿ, ಅಡಿಯಲ್ಲಿರುವ ಚಿನ್ನ ಮೇಲುಗೈ ಪಡೆಯುತ್ತದೆ. ಚಿನ್ನಕ್ಕೂ ಚಿನ್ನಕ್ಕೂ ಆಕರ್ಷಣ. ಈ ಎರಡರ ನಡುವೆ ಹಾಳೆ ಯಾವುದನ್ನೂ ಮುಟ್ಟದೆ ಒಂದು ನಿಯತ ಅಂತರದಲ್ಲಿ ನೆಲೆನಿಂತಿತು.

ಇದರ ಪ್ರಯೋಜನ ಕಲ್ಪನೆಯದಲ್ಲ. ದೂರವಾಣಿ ಉಪಕರಣಗಳಲ್ಲಿಯೂ ವಾಹನಗಳಲ್ಲಿಯೂ ಚಲನೆಯನ್ನು ಗುರುತಿಸುವ ಸೂಕ್ಷ್ಮಯಂತ್ರಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಂತಹ ಕಡೆಗಳಲ್ಲಿ ಇಂಥವುಗಳ ಸಂಶೋಧನೆ ನಡೆಯುತ್ತದೆ. ಅವುಗಳ ತೆಳುವಾದ ಭಾಗಗಳು ಒಂದಕ್ಕೊಂದು ತಾಗಿದರೆ ಬಿಡಿಸಲಾಗದಂತೆ ಅಂಟಿಕೊಳ್ಳುವುದುಂಟು. ತೇವಾಂಶದ ಪದರದಂತಹ ಬೇರೆ ಕಾರಣಗಳ ಜೊತೆಗೆ ಕ್ವಾಂಟಂ ಸೆಳೆತವೂ ಇದಕ್ಕೆ ಕಾರಣ. ಯಂತ್ರವನ್ನು ಕಿರಿದು ಮಾಡಿದಷ್ಟೂ ಈ ತೊಡಕು ಹೆಚ್ಚುತ್ತದೆ. ಮಸಿ ಮಾಡುವವನು ಅಂಟಿನಿಂದ ಪರಿಹರಿಸಿಕೊಂಡ ಸಮಸ್ಯೆಯೇ ಇಂದಿನ ಯಂತ್ರಶಿಲ್ಪಿಯ ಮುಂದೆ ಬೇರೆ ವೇಷದಲ್ಲಿ ನಿಂತಿದೆ.

7. ಪದವಿಚಾರ

ಈಗ ಪರಿಭಾಷೆಯ ಪ್ರಶ್ನೆ. 'ವಿಕರ್ಷಣ' ಎಂಬ ಪದದ ಧಾತು 'ಕೃಷ್'. ಎಳೆ, ಸೆಳೆ ಎಂದು ಅದರ ಅರ್ಥ. 'ಆಕರ್ಷಣ' ಎಂದರೆ ತನ್ನ ಕಡೆಗೆ ಎಳೆಯುವುದು. 'ವಿಕರ್ಷಣ' ಎಂದರೆ ಬೇರೆ ಬೇರೆಯಾಗಿ ಎಳೆಯುವುದು. ಎರಡು ಪದಗಳಲ್ಲಿಯೂ ಎಳೆತವಿದೆ, ತಳ್ಳುವಿಕೆ ಎಲ್ಲಿಯೂ ಇಲ್ಲ. ಸಜಾತೀಯ ಆವೇಶಗಳ ವಿಷಯದಲ್ಲಿ ಈ ಪದ ಅಷ್ಟು ಸಮಂಜಸವಲ್ಲವೆಂದು ಆಕ್ಷೇಪಿಸಬಹುದು. ಅಲ್ಲಿ 'ತಳ್ಳು' ಎಂಬುದೇ ನೇರವಾದ ಮಾತು. ಆದರೆ ದ್ರವದ ಮೂಲಕ ತೋರುವ ಕ್ವಾಂಟಂ ಬಲಕ್ಕೆ 'ವಿಕರ್ಷಣ'ಕ್ಕಿಂತ ಯುಕ್ತವಾದ ಪದ ಸಿಕ್ಕುವುದಿಲ್ಲ. ಅಲ್ಲಿ ಇರುವುದು ಸೆಳೆತಗಳೇ. ಅವುಗಳ ಹೆಚ್ಚುಕಡಮೆಯಿಂದ ವಸ್ತುಗಳು ಬೇರೆಯಾಗುತ್ತವೆ. ಪದವನ್ನು ರೂಪಿಸಿದವರ ಮನಸ್ಸಿನಲ್ಲಿ ಈ ಬಲ ಇದ್ದಿರಲಾರದು. ಆದರೂ ಪದದ ಅವಯವಾರ್ಥ ವಸ್ತುಸ್ಥಿತಿಗೆ ಹೊಂದಿದೆ. ಧಾತುವನ್ನು ಬಿಡಿಸಿ ಹೇಳಿದ ಅಧ್ಯಾಪಕ ಅರ್ಧ ಪಾಠವನ್ನು ಅಲ್ಲಿಯೇ ಮುಗಿಸಿರುತ್ತಾನೆ.

'ಶೂನ್ಯ'ದ ವಿಷಯ ಹಾಗಲ್ಲ. ಕ್ಯಾಸಿಮಿರ್ ಪರಿಣಾಮವನ್ನು ಜನಪ್ರಿಯವಾಗಿ ಬರೆಯುವಾಗ 'ಶೂನ್ಯದ ಬಲ', 'ಶೂನ್ಯದಿಂದ ಶಕ್ತಿ' ಎಂಬಂತಹ ಮಾತುಗಳ ಕಡೆಗೆ ಲೇಖನಿ ತಾನಾಗಿಯೇ ಓಡುತ್ತದೆ. ಕನ್ನಡದಲ್ಲಿ ಈ ಸೆಳೆತ ಮತ್ತಷ್ಟು ಪ್ರಬಲ. ಏಕೆಂದರೆ ವಚನಕಾರರ ಪರಂಪರೆಯಲ್ಲಿ ಶೂನ್ಯ, ಬಯಲು ಎಂಬ ಪದಗಳಿಗೆ ಗಹನವಾದ ಅನುಭಾವಿಕ ಅರ್ಥವಿದೆ. 'ಶೂನ್ಯಸಂಪಾದನೆ' ಎಂಬ ಹೆಸರಿನ ಗ್ರಂಥಗಳೇ ಇವೆ. ಅಲ್ಲಮನ ಬಯಲನ್ನೇ ಇಂದಿನ ವಿಜ್ಞಾನ ಕಂಡುಕೊಂಡಿತು ಎಂದು ಬರೆಯುವುದು ಸುಲಭ. ಆದರೆ ಹಾಗೆ ಬರೆದರೆ ಎರಡಕ್ಕೂ ಅನ್ಯಾಯ. ಸಾಧಕನ ನಿಲವಿಗೆ ಸಂಬಂಧಿಸಿದ ಶೂನ್ಯವನ್ನು ಲೋಹಫಲಕಗಳ ನಡುವಣ ಎಡೆಗೆ ಇಳಿಸಿದರೆ ವಚನದ ಅರ್ಥ ಕುಗ್ಗುತ್ತದೆ. ಅಳೆಯಬಹುದಾದ, ಅಂತರದೊಡನೆ ಬದಲಾಗುವ ಬಲವನ್ನು ಅನುಭಾವದ ಪದದಿಂದ ಕರೆದರೆ ಭೌತವಿಜ್ಞಾನ ಮಸುಕಾಗುತ್ತದೆ.

ಶಾಸ್ತ್ರದ ದೃಷ್ಟಿಯಿಂದಲೂ ಎಚ್ಚರ ಅಗತ್ಯ. ನಿರ್ವಾತದ ಕಂಪನಗಳ ವಿವರಣೆ ಈ ಬಲವನ್ನು ಹೇಳುವ ಒಂದೇ ದಾರಿಯಲ್ಲ. ಫಲಕಗಳೊಳಗಿನ ಆವೇಶಗಳ ಪರಸ್ಪರ ಹೊಂದಾಣಿಕೆಯಿಂದಲೂ, ಅಂದರೆ ಲಂಡನ್ನನ ಮಾರ್ಗದಿಂದಲೂ, ಅದೇ ಉತ್ತರಕ್ಕೆ ಬರಬಹುದು. ಕ್ಯಾಸಿಮಿರ್ ಬಲವು ಶೂನ್ಯಬಿಂದು ಶಕ್ತಿಯ ವಾಸ್ತವತೆಗೆ ಸ್ವತಂತ್ರವಾದ ಪ್ರಮಾಣವಾಗಲಾರದೆಂದು ರಾಬರ್ಟ್ ಜಾಫೆ 2005ರಲ್ಲಿ ವಾದಿಸಿದ. ಇನ್ನು ಶೂನ್ಯದಿಂದ ಮುಗಿಯದ ಶಕ್ತಿಯನ್ನು ಪಡೆಯಬಹುದೆಂಬ ಮಾತಿಗೆ ಆಧಾರವಿಲ್ಲ. ಫಲಕಗಳು ಹತ್ತಿರವಾಗುವಾಗ ದೊರೆತ ಶಕ್ತಿಯನ್ನು ಅವನ್ನು ಮತ್ತೆ ಬೇರ್ಪಡಿಸುವಾಗ ಹಿಂದಿರುಗಿಸಲೇಬೇಕು.

ಈ ಕಾರಣಗಳಿಂದ 'ನಿರ್ವಾತ'ವೇ ಒಪ್ಪತಕ್ಕ ಪದ. ವಾಯುವಿಲ್ಲದ ಎಡೆ ಎಂದಷ್ಟೇ ಅದು ಹೇಳುತ್ತದೆ. ಅಲ್ಲಿ ಏನೂ ಇಲ್ಲವೆಂದು ಸಾಧಿಸಲು ಹೋಗುವುದಿಲ್ಲ. ಗಾಳಿಯನ್ನು ತೆಗೆದ ಮೇಲೆ ಉಳಿಯುವುದೇನು ಎಂಬ ಪ್ರಶ್ನೆಗೆ ಅದು ಬಾಗಿಲನ್ನು ತೆರೆದಿಡುತ್ತದೆ. 'ಶೂನ್ಯ' ಆ ಬಾಗಿಲನ್ನು ಮುಚ್ಚುತ್ತದೆ. 'ಶೂನ್ಯಬಿಂದು ಶಕ್ತಿ' ಎಂಬ ಪ್ರಯೋಗದಲ್ಲಿ ಶೂನ್ಯವು ತಾಪಮಾನದ ಸೊನ್ನೆಯನ್ನು ಸೂಚಿಸುತ್ತದೆಯಾದ್ದರಿಂದ ಅದನ್ನು ಉಳಿಸಿಕೊಳ್ಳಬಹುದು. ಆದರೆ ಅದು ಸೊನ್ನೆಯೇ ಹೊರತು ಬಯಲಲ್ಲ ಎಂಬುದನ್ನು ಪಾಠದಲ್ಲಿ ಸ್ಪಷ್ಟಪಡಿಸಬೇಕು.

8. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಆವೇಶವಿಲ್ಲದ ವಸ್ತುಗಳ ನಡುವೆಯೂ ಕ್ವಾಂಟಂ ಕಂಪನಗಳಿಂದ ಹುಟ್ಟುವ ಬಲವಿದೆ. ಅಂತರ ಕಿರಿದಾದಂತೆ ಅದು ಅತಿವೇಗವಾಗಿ ಬೆಳೆಯುತ್ತದೆ. ಒಂದೇ ಬಗೆಯ ವಸ್ತುಗಳ ನಡುವೆ ಅದು ಸದಾ ಆಕರ್ಷಣ. ಭಿನ್ನ ವಸ್ತುಗಳ ನಡುವೆ ತಕ್ಕ ದ್ರವವಿದ್ದರೆ ವಿಕರ್ಷಣ. ಯಾವುದೆಂಬುದನ್ನು ನಿರ್ಣಯಿಸುವುದು ಮೂರು ವಸ್ತುಗಳ ತಾರತಮ್ಯ. ಈ ಅರಿವು ಅತಿ ದೂರದ ಪ್ರಯೋಗಾಲಯಗಳಲ್ಲಿ ಬೆಳೆದರೂ ಅದಕ್ಕೆ ಪ್ರೇರಣೆ ದೊರೆತದ್ದು ಮಸಿಯಂತಹ ಸಾಮಾನ್ಯ ಮಿಶ್ರಣಗಳ ಅಧ್ಯಯನದಲ್ಲಿ.

ಉಸ್ಮಾನಿಯಾದ ಅನುವಾದಕರು ಒಂದು ಭಾಷೆಯಲ್ಲಿ ಇಡೀ ವಿಶ್ವವಿದ್ಯಾಲಯದ ಪಾಠಗಳನ್ನು ಸಿದ್ಧಪಡಿಸಿದಾಗ ಭಾಷಾಪಂಡಿತರನ್ನೂ ಶಾಸ್ತ್ರಜ್ಞರನ್ನೂ ಒಟ್ಟಿಗೆ ಕೂಡಿಸಿಕೊಂಡಿದ್ದರು. ಆ ಪ್ರಯತ್ನ 1948ರ ತರುವಾಯ ಮುಂದುವರಿಯಲಿಲ್ಲ. ಆದರೆ ಅದರ ಕ್ರಮ ಇಂದಿಗೂ ಅನುಕರಣೀಯ. ಹೊಸ ಪದವನ್ನು ಟಂಕಿಸುವುದಕ್ಕಿಂತ ಮೊದಲು ಇರುವ ಪದ ಏನು ಹೇಳುತ್ತದೆ, ವಸ್ತು ಏನು ಮಾಡುತ್ತದೆ ಎಂಬುದನ್ನು ಎದುರುಬದಿರಿಟ್ಟು ನೋಡಬೇಕು. ಹಸ್ತಪ್ರತಿಗಳನ್ನು ಸಂಪಾದಿಸುವ ವಿದ್ಯಾರ್ಥಿ ಅಕ್ಷರದ ಪಾಠಾಂತರವನ್ನು ಪರಿಶೀಲಿಸುವಾಗ ಆ ಅಕ್ಷರವನ್ನು ಹಿಡಿದಿಟ್ಟಿರುವ ಮಸಿಯನ್ನೂ ಒಮ್ಮೆ ಗಮನಿಸುವುದು ಒಳಿತು. ನೂರಾರು ವರ್ಷ ಕಾಲ ಆ ಕಪ್ಪು ಕದಲದೆ ನಿಂತಿರುವುದರಲ್ಲಿ ಕಾಡಿಗೆಯಷ್ಟೇ ಅಂಟಿನ ಪಾಲೂ ಇದೆ.